ಇಂಗ್ಲಿಷ್ ದೊರೆಗೆ, ಕೊಲೆಯ ವಿಚಾರವಾಗಿ

ಇಂಗ್ಲಿಷ್ ಭಾಷಾ ಮಹಾಪ್ರಭುಗಳ ಸನ್ನಿಧಾನಕ್ಕೆ, ಕನ್ನಡ ಪತ್ರಿಕೆಯೊಂದರ ರಾತ್ರಿಪಾಳಿ ಉಪಸಂಪಾದಕ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ಕ್ಷೇಮ.

ಕೆಲಸಕ್ಕೆ ಸೇರಿದ ಮೊದಲ ವಾರ ಏಜೆನ್ಸಿ ಕಾಪಿಯಲ್ಲಿ ಬಸ್ ಅಪಘಾತಕ್ಕೆ ಇಬ್ಬರು ‘ಕಿಲ್ಡ್’ ಎಂದಿತ್ತು. ‘ಬಸ್ ಅಪಘಾತ: ಇಬ್ಬರ ಕೊಲೆ’ ಎಂದು ಹೆಡ್ಡಿಂಗ್ ಕೊಟ್ಟೆ. ಮುಖ್ಯ ಉಪಸಂಪಾದಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ‘ಬಸ್ಸನ್ನ ಅರೆಸ್ಟ್ ಮಾಡಿದ್ರೇನಪ್ಪಾ?’ ಎಂದರು. ಅಂದಿನಿಂದ ಕಲಿಯುತ್ತಲೇ ಇದ್ದೇನೆ. ಬಸ್ಸು, ಸಿಡಿಲು, ಕಾಮಾಲೆ ಎಲ್ಲವೂ ಕಿಲ್ ಮಾಡಬಲ್ಲವು; ಮರ್ಡರ್ ಮಾಡಲು ಮಾತ್ರ ಮನಸ್ಸುಳ್ಳ ಮನುಷ್ಯನೇ ಬೇಕು. ಸತ್ತವರು ದೊಡ್ಡವರಾದರೆ ಅಸಾಸಿನೇಷನ್. ಗಾಂಧೀಜಿಗೆ ಅದು ಸಂದಿದೆ. ಗದ್ದೆಬದುವಿನ ಜಗಳದಲ್ಲಿ ಮಚ್ಚಿನೇಟು ತಿಂದವನಿಗೆ ಮರ್ಡರೇ ಗತಿ. ಸಾವಿನಲ್ಲೂ ಪಂಕ್ತಿಭೇದ ಬಿಡದ ತಮ್ಮ ಮಡಿಗೆ ಶರಣು.

ಕೋರ್ಟಿನ ಕಾಪಿ ಬಂದರಂತೂ ಬೆವರು. 1860ರ ದಂಡಸಂಹಿತೆಯ 299ನೇ ಕಲಮಿನಲ್ಲಿ ಕಲ್ಪಬಲ್ ಹೋಮಿಸೈಡ್, 300ರಲ್ಲಿ ಮರ್ಡರ್ ಇಟ್ಟಿರಿ. ಎರಡನೆಯದೆಲ್ಲ ಮೊದಲನೆಯದೂ ಹೌದು, ಮೊದಲನೆಯದೆಲ್ಲ ಎರಡನೆಯದಲ್ಲ. ಆ ಉಳಿದದ್ದನ್ನು ನಾವು ‘ಕೊಲೆಯಲ್ಲದ ನರಹತ್ಯೆ’ ಎಂದು ಕನ್ನಡಿಸಿದೆವು. ನಮ್ಮಜ್ಜಿ ಪೇಪರ್ ಮಡಿಸುತ್ತಾ, ‘ಹತ್ಯೆ ಅಂದ್ರೆ ಕೊಲೆ ಅಲ್ವೇನೋ?’ ಎಂದಳು. 2024ರ ಜುಲೈ 1ರಿಂದ ‘ನ್ಯಾಯ ಸಂಹಿತೆ’ ಬಂದು ಕಲಮುಗಳು 100, 101 ಆಗಿವೆ. ಅಜ್ಜಿಯ ಪ್ರಶ್ನೆ ಹಳೆಯದೇ.

ಆದರೆ ತಮ್ಮ ಕಸುಬುಗಾರಿಕೆ ಕಣ್ಣಿಗೆ ಬೀಳುವುದು ಸರ್ಕಾರವೇ ಕೊಂದಾಗ. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಡಯರ್‌ನ ಸಿಪಾಯಿಗಳು ಹಾರಿಸಿದ್ದು 1650 ಸುತ್ತು. ಸರ್ಕಾರಿ ಲೆಕ್ಕದಲ್ಲೇ ಸತ್ತವರು 379. ವಿಚಾರಣೆಗೆ ಕೂತ ಹಂಟರ್ ಸಮಿತಿಗೆ ತಾವಿಟ್ಟ ಅಧಿಕೃತ ಹೆಸರು ‘ಡಿಸಾರ್ಡರ್ಸ್ ಇನ್‌ಕ್ವೈರಿ ಕಮಿಟಿ’. ಗೋಡೆಗಳ ನಡುವೆ ಸಿಕ್ಕಿ ಸತ್ತವರು ಗಲಭೆಯ ಖಾತೆಗೆ ಜಮೆಯಾದರು. ‘ಮ್ಯಾಸಕರ್’ ಎಂಬ ಪದ ಆಗಲೂ ತಮ್ಮ ಪೆಟ್ಟಿಗೆಯಲ್ಲಿತ್ತು, ಬೀಗ ಹಾಕಿಕೊಂಡು.

ನಾವೇನೂ ಸಾಚಾಗಳಲ್ಲ. ದೇವಿ ಮಾಡಿದರೆ ಸಂಹಾರ, ಭೀಮ ಮಾಡಿದರೆ ವಧೆ. ಕೀಚಕನದು ಮರ್ಡರ್ ಎಂದು ಯಾವ ಭಾಗವತರೂ ಹಾಡಿಲ್ಲ. ಪೊಲೀಸರು ಕೊಂದರೆ ಅದಕ್ಕೆ ತಮ್ಮಿಂದಲೇ ‘ಎನ್‌ಕೌಂಟರ್’ ಕಡ ತಂದಿದ್ದೇವೆ. ಭೇಟಿ ಎಂದರ್ಥವಂತೆ!

ಮೊನ್ನೆ ಹಕ್ಕಿಜ್ವರದ ಸುದ್ದಿ ಬಂತು. ಕೋಳಿಗಳನ್ನು ‘ಕಲ್’ ಮಾಡಿದರಂತೆ. ನಾನು ‘ಕೊಂದರು’ ಎಂದು ಬರೆದು ಮನೆಗೆ ಹೋದೆ. ಬೆಳಿಗ್ಗೆ ಪೇಪರಿನಲ್ಲಿ ‘ವಿಲೇವಾರಿ’ ಎಂದಿತ್ತು. ತಿದ್ದಿದವರು ಕನ್ನಡ ಎಂ.ಎ.

ತಮ್ಮ ವಿಧೇಯ,
ರಾತ್ರಿಪಾಳಿಯವ