ಕೇರೂ ವಾರ

ನಮ್ಮೂರು ಸಂಶಿ. ಹುಬ್ಬಳ್ಳಿಯಿಂದ ಹೊರಟ ಪ್ಯಾಸೆಂಜರ್ ಗಾಡಿ ಕುಂದಗೋಳ ದಾಟಿ, ಒಲ್ಲದ ಮನಸ್ಸಿನಿಂದ ಒಂದು ನಿಮಿಷ ನಿಂತು ಮುಂದೆ ಹೋಗುವ ಊರು. ಎರೆ ಭೂಮಿ, ಹತ್ತಿ, ಶೇಂಗಾ, ಮೆಣಸಿನಕಾಯಿ. ನಮ್ಮ ಮನೆಗೂ ಬಾಜೂ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ, ಅದರಲ್ಲೊಂದು ಕಿಂಡಿ. ಹೆಪ್ಪು, ಸುದ್ದಿ, ಬೈಗುಳ ಎಲ್ಲ ಆ ಕಿಂಡಿಯಿಂದಲೇ ಓಡಾಡುತ್ತಿದ್ದವು. ಕೋಳಿಗೆ, ಬಚ್ಚಲ ನೀರಿಗೆ ವರ್ಷವೆಲ್ಲ ಜಗಳ. ದಸರೆಗೆ ಬನ್ನಿ ಎಲೆ ಕೈಗೆ ಬಂದರೆ ಲೆಕ್ಕ ಚುಕ್ತಾ, ಮರುದಿನದಿಂದ ಹೊಸ ಖಾತೆ. ಕನ್ನಡದಲ್ಲಿ ನೆರೆ ಎಂದರೆ ಪಕ್ಕದ ಮನೆಯೂ ಹೌದು, ಬೆಣ್ಣಿಹಳ್ಳ ಉಕ್ಕಿ ಬರುವುದೂ ಹೌದು. ನಮ್ಮಲ್ಲಿ ಎರಡೂ ಕೇಳದೇ ಒಳಗೆ ಬರುತ್ತವೆ.

ಈಗ ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ, ಆರು ಮನೆಗಳ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ. ಇಲ್ಲಿ ನೆರೆ ಒಳಗೆ ಬರುವುದಿಲ್ಲ. ಬಂದರೆ ಕಾಗದದ ರೂಪದಲ್ಲಿ, ಬಾಗಿಲ ಸಂದಿಯಿಂದ ಬರುತ್ತದೆ. ಮೆಟ್ಟಿಲ ಬುಡದಲ್ಲಿ ಮನೆಯ ನಿಯಮಾವಳಿ ತೂಗುಹಾಕಿದೆ. ಮಧ್ಯಾಹ್ನ ಒಂದರಿಂದ ಮೂರು ಸದ್ದಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರು ಸದ್ದಿಲ್ಲ. ಭಾನುವಾರ ಇಡೀ ದಿನ ಸದ್ದಿಲ್ಲ. ಹುಲ್ಲು ಕತ್ತರಿಸುವ ಯಂತ್ರ ಹಚ್ಚುವಂತಿಲ್ಲ, ಖಾಲಿ ಬಾಟಲಿಯನ್ನು ಬೀದಿಯ ಗಾಜಿನ ಡಬ್ಬಿಗೆ ಹಾಕುವಂತೆಯೂ ಇಲ್ಲ. ಮೂರು ತಿಂಗಳ ವೀಸಾದ ಮೇಲೆ ಬಂದ ಅವ್ವನಿಗೆ ಇದನ್ನೆಲ್ಲ ಓದಿ ಹೇಳಿದೆ. ಆಕೆ ಪೂರ್ತಿ ಕೇಳಿ, "ಹಂಗಾರ ಇವರು ಬದುಕೂದು ಯಾವಾಗಪಾ?" ಅಂದಳು.

ಮೊದಲ ವಾರವೇ ಫಜೀತಿ. ಸಂಶಿಯಿಂದ ಹೊತ್ತು ತಂದ ಜೋಳದ ಹಿಟ್ಟು ತೆಗೆದು ಅವ್ವ ರೊಟ್ಟಿಗೆ ಕೂತಳು. ಅಡುಗೆಕಟ್ಟೆಯ ಎತ್ತರ ಆಕೆಗೆ ಸರಿಬರಲಿಲ್ಲ, ನೆಲದ ಮೇಲೇ ಹಲಗೆ ಇಟ್ಟುಕೊಂಡಳು. ನಮ್ಮ ನೆಲ ಅಂದರೆ ಕೆಳಗಿನ ಮನೆಯ ಅಜ್ಜಿಗೆ ತಲೆಯ ಮೇಲಿನ ಸೂರು.

"ಅವ್ವಾ, ಮೂರು ಹೊಡದ ಮ್ಯಾಲೆ ಬಡಿಯವಾ."

"ಮೂರಕ್ಕ ಬಡದರ ಉಣ್ಣೂದು ದೀಪಾ ಹಚ್ಚಿದ ಮ್ಯಾಲೇನು?"

ಸಂಶಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಮನೆ ನೆಟ್ಟಗಿದೆ ಎಂಬುದರ ಗುರುತು. ಒಂದು ದಿನ ಕೇಳದಿದ್ದರೆ ಕಿಂಡಿಯಲ್ಲಿ ಮುಖ ಮೂಡುತ್ತದೆ: "ಯಾಕಬೇ, ಆರಾಮಿಲ್ಲೇನು?" ಇಲ್ಲಿ ಆ ಸಪ್ಪಳ ಕೇಳಿದ್ದಕ್ಕೆ ಚೀಟಿ ಬಂತು. ದುಂಡಗಿನ ಅಕ್ಷರ, ತಪ್ಪಿಲ್ಲದ ವ್ಯಾಕರಣ. ಮಾನ್ಯ ನೆರೆಯವರೇ, ಇಂದು 13.40ರಿಂದ 14.05ರವರೆಗೆ ನಿಮ್ಮಲ್ಲಿ ಏನನ್ನೋ ಬಡಿಯಲಾಗುತ್ತಿತ್ತು. ಅದೇನೆಂದು ತಿಳಿಸುವಿರಾ? ಸ್ನೇಹಪೂರ್ವಕ ವಂದನೆಗಳು.

ಉತ್ತರ ಬರೆಯಲು ಕೂತೆ. ಇಲ್ಲೊಂದು ಮಾತು ಹೇಳಬೇಕು. ನಾನಿರುವ ಸೀಮೆ ಕನ್ನಡಕ್ಕೆ ಅಪರಿಚಿತವಲ್ಲ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಮೋಗ್ಲಿಂಗ್ ಈ ಕಡೆಯವನೇ, ತೀರಿಕೊಂಡದ್ದು ನಮ್ಮ ಪಕ್ಕದ ಎಸ್ಲಿಂಗೆನ್‌ನಲ್ಲಿ. ಕಿಟ್ಟೆಲ್ ಕಣ್ಣುಮುಚ್ಚಿದ್ದು 1903ರಲ್ಲಿ, ಇಲ್ಲಿಂದ ರೈಲಿನಲ್ಲಿ ಒಂದು ತಾಸಿನ ದಾರಿಯ ಟ್ಯೂಬಿಂಗೆನ್‌ನಲ್ಲಿ. ಆತನ 1894ರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ನನಗೆ ಬೇಕಾದದ್ದು ಒಂದೇ. ಆದರೆ ಪುಣ್ಯಾತ್ಮ ಅದನ್ನು ಕನ್ನಡದಿಂದ ಇಂಗ್ಲಿಷಿಗೆ ಮಾಡಿಟ್ಟ. ಈ ಸೀಮೆಯ ಅಜ್ಜಿಗೆ ಒಬ್ಬ ಸಂಶಿಯವನು ಚೀಟಿ ಬರೆಯಬೇಕಾದೀತೆಂದು ಅವನಿಗಾದರೂ ಹೇಗೆ ಹೊಳೆಯಬೇಕು? ಕಡೆಗೆ ನನಗೆ ತೋಚಿದ ಜರ್ಮನ್‌ನಲ್ಲಿ, ನನ್ನ ತಾಯಿ ರೊಟ್ಟಿಯನ್ನು ಹೊಡೆಯುತ್ತಿದ್ದರು ಎಂದು ಬರೆದು ಹಾಕಿದೆ.

ಮರುದಿನ ಮೆಟ್ಟಿಲ ಮೇಲೆ ಅಜ್ಜಿ ಸಿಕ್ಕಳು. ಮುಖದ ಒಂದು ಗೆರೆಯೂ ಅಲುಗಲಿಲ್ಲ. "ರೊಟ್ಟಿ ಏನು ತಪ್ಪು ಮಾಡಿತ್ತು?" ಎಂದು ಕೇಳಿದಳು.

ಅವ್ವ ಇದನ್ನು ಕೇಳಿ ಎರಡು ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿ ಒಂದು ತಾಟಿಗೆ ಹಾಕಿ ನನ್ನ ಕೈಯಲ್ಲಿ ಕಳಿಸಿದಳು. ಸಂಜೆ ತಾಟು ವಾಪಸು ಬಂತು, ಫಳಫಳ ತೊಳೆದು, ಒರೆಸಿ, ಖಾಲಿ. ನನಗೆ ಅದೇ ದೊಡ್ಡ ಮರ್ಯಾದೆ ಅನ್ನಿಸಿತು. ಅವ್ವನಿಗೆ ಎದೆ ಒಡೆಯಿತು. "ಬರೇ ತಾಟು ಕೊಟ್ಟ ಕಳಿಸ್ಯಾಳಲ್ಲೋ! ಒಂದು ಹಳಕು ಬೆಲ್ಲಾನೂ ಇರಲಿಲ್ಲೇನ ಆಕಿ ಮನ್ಯಾಗ?" ಬಯಲುಸೀಮೆಯ ಈ ಕಾನೂನನ್ನು ನಾನು ಜರ್ಮನ್‌ಗೆ ಅನುವಾದಿಸಲು ಹೋಗಲಿಲ್ಲ. ಬ್ಯಾಡಗಿ ಮೆಣಸಿನಕಾಯಿ ಹುರಿದ ದಿನ ಆರೂ ಮನೆಯವರು ಕೆಮ್ಮಿದರಲ್ಲ, ಅದು ಆ ತಾಟಿಗೆ ಸೇಡೋ ಅಲ್ಲವೋ ಅವ್ವನಿಗೇ ಗೊತ್ತು.

ನಿಜವಾದ ಯುದ್ಧ ಆದದ್ದು ಪೊರಕೆಯ ಮೇಲೆ.

ಈ ಸೀಮೆಯಲ್ಲಿ 'ಕೇರ್‌ವೊಖ' ಎಂಬುದೊಂದಿದೆ. ಕೇರ್ ಅಂದರೆ ಗುಡಿಸುವುದು, ವೊಖ ಅಂದರೆ ವಾರ. ಮೆಟ್ಟಿಲು, ಅಂಗಳ, ಮುಂದಿನ ಕಾಲುದಾರಿ ಒಬ್ಬೊಬ್ಬರು ಒಂದೊಂದು ವಾರ ಗುಡಿಸಬೇಕು. ಯಾರ ಪಾಳಿಯೋ ಅವರ ಬಾಗಿಲಿಗೆ ಒಂದು ಪುಟ್ಟ ಫಲಕ ತೂಗುತ್ತದೆ. ಇದರ ಬೇರು 1492ರ ಸ್ಟುಟ್‌ಗಾರ್ಟ್ ನಗರ ಕಾನೂನಿನಲ್ಲಿದೆ ಎನ್ನುತ್ತಾರೆ. ಆ ವರ್ಷ ಕೊಲಂಬಸ್ ನಮ್ಮನ್ನು ಹುಡುಕುತ್ತ ಹಡಗು ಹತ್ತಿದ, ಇವರು ತಿಪ್ಪೆಯನ್ನು ವಾರಕ್ಕೊಮ್ಮೆ ಊರಾಚೆ ಸಾಗಿಸಬೇಕೆಂದು ಬರೆದಿಟ್ಟರು. 1988ರಲ್ಲಿ ನಗರಸಭೆ ತನ್ನ ಕಡ್ಡಾಯವನ್ನು ಕೈಬಿಟ್ಟಿತು. ಬಾಡಿಗೆ ಕರಾರುಗಳು ಬಿಡಲಿಲ್ಲ, ಅಜ್ಜಿಯರಂತೂ ಬಿಡಲೇ ಇಲ್ಲ.

ಅವ್ವನಿಗೆ ಇದು ತಿಳಿಯದು. ಬೆಳಿಗ್ಗೆ ಐದೂವರೆಗೆ ಎದ್ದು ಮೂರೂ ಮಹಡಿಯ ಮೆಟ್ಟಿಲು ಗುಡಿಸಿ, ನೀರು ಚಿಮುಕಿಸಿ, ನಮ್ಮ ಬಾಗಿಲಿಗೊಂದು, ಪಾಪ ಮುದುಕಿ ಅಂತ ಕೆಳಗಿನ ಬಾಗಿಲಿಗೊಂದು ಅಕ್ಕಿಹಿಟ್ಟಿನ ರಂಗೋಲಿ ಹಾಕಿ ಬಂದಿದ್ದಳು. ಆ ವಾರದ ಪಾಳಿ ಅಜ್ಜಿಯದು. ಇನ್ನೊಬ್ಬರ ವಾರದಲ್ಲಿ ಗುಡಿಸುವುದು ಅಂದರೆ, ಇನ್ನೊಬ್ಬರ ಒಲೆಯ ಮುಂದೆ ಕೂತು ಅವರ ಸಾರಿಗೆ ಉಪ್ಪು ಹಾಕಿದಂತೆ.

ಏಳಕ್ಕೆ ಗಂಟೆ ಬಾರಿಸಿತು. ಅಜ್ಜಿ ಫಲಕವನ್ನೇ ಬಿಚ್ಚಿಕೊಂಡು ಸಾಕ್ಷಿಗೆ ತಂದಿದ್ದಳು. ನಾನು ಲುಂಗಿಯಲ್ಲಿ ಕ್ಷಮೆ ಹುಡುಕುತ್ತಿದ್ದೆ. ಅವ್ವ ನನ್ನನ್ನು ಸರಿಸಿ, "ಬಾ ಬೇ ಯಕ್ಕಾ ಒಳಗ, ಚಾ ಕುಡದ ಜಗಳಾಡೂಣಂತ" ಎಂದಳು. ಜರ್ಮನ್‌ನಲ್ಲಿ ನೀವು ಇದ್ದದ್ದು ನೀನು ಆಗಬೇಕಾದರೆ ಹಿರಿಯರೇ ಬಾಯಿಬಿಟ್ಟು ಅಪ್ಪಣೆ ಕೊಡಬೇಕು. ನಮ್ಮ ಕಟ್ಟಡದಲ್ಲಿ ಇಪ್ಪತ್ತು ವರ್ಷವಾದರೂ ಕೊಡದವರಿದ್ದಾರೆ. ನಾನು "ದಯವಿಟ್ಟು ತಾವು ಒಳಗೆ ಬರೋಣವಾಗಲಿ" ಎಂದು ಅನುವಾದಿಸಿದೆ.

ಅಜ್ಜಿ ಫಲಕದ ಮೇಲೆ ಬೆರಳಿಟ್ಟು ಓದಿದಳು. "ಕೇರ್‌ವೊಖ!"

"ಕೇರೂದs? ಏನ ಕೇರತಾರಪಾ, ಜ್ವಾಳಾ?"

ಮೊರದಲ್ಲಿ ಕಾಳು ಕೇರುವುದಲ್ಲ, ಗುಡಿಸುವ ಪಾಳಿ ಎಂದು ಬಿಡಿಸಿ ಹೇಳಿದೆ. ಅವ್ವನ ಮುಖ ಅರಳಿತು. "ಅಷ್ಟ ಹೌದಿಲ್ಲೋ! ಗುಡಿ ಪೂಜಾದ ಪಾಳಿ ಇದ್ದಂಗ. ಮೊದಲ ಹೇಳಬಾರದ? ಆಕಿ ಪಾಳಿ ನಾ ಕಸಗೊಂಡೆ, ತಪ್ಪಾತು." ಕೈ ಮುಗಿದಳು. ಅಜ್ಜಿ ಚಾ ಕುಡಿದಳು, ಸಕ್ಕರೆ ಹೆಚ್ಚಾಯಿತೆಂದು ತಿಳಿಸಿದಳು.

ಅಲ್ಲಿಂದ ಮುಂದೆ ಅವರಿಬ್ಬರಿಗೆ ನನ್ನ ಅನುವಾದ ಬೇಕಾಗಲಿಲ್ಲ. ಶನಿವಾರಕ್ಕೊಮ್ಮೆ ಮೆಟ್ಟಿಲ ಮೇಲೆ ಸೇರುವರು. ಅಜ್ಜಿಯದು ಉದ್ದ ಕೋಲಿನ ಪೊರಕೆ, ನಿಂತು ಗುಡಿಸುವುದು. ಅವ್ವನದು ಊರಿನಿಂದ ತಂದ ಮೋಟು ಕಸಬರಿಗೆ, ಬಗ್ಗಿ ಗುಡಿಸುವುದು. ಆಕೆ ಈ ಸೀಮೆಯ ನುಡಿಯಾದ ಶ್ವಾಬಿಷ್‌ನಲ್ಲಿ ಬೈದರೆ ಈಕೆ ಸಂಶಿ ಕನ್ನಡದಲ್ಲಿ. ಮೂಲೆಯ ಧೂಳಿನ ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತ. ತಾಟು ಈಗ ಚೆರ್ರಿ ಹಣ್ಣಿನ ಜಾಮ್ ಹೊತ್ತು ಬರತೊಡಗಿತು. ಯಾರು ಹೇಳಿಕೊಟ್ಟರೋ! ನನ್ನ ಹೆಂಡತಿ ನಾನಲ್ಲ ಅನ್ನುತ್ತಾಳೆ.

ವೀಸಾ ಮುಗಿಯಿತು, ಅವ್ವ ಹೋದಳು. ಎರಡು ವಾರಕ್ಕೆ ಫಲಕ ನಮ್ಮ ಬಾಗಿಲಿಗೆ ಬಂತು. ಶನಿವಾರ ಗುಡಿಸಿ ಒಳಗೆ ಬಂದು ಕೂತಿದ್ದೆ, ಗಂಟೆ ಬಾರಿಸಿತು. ಅಜ್ಜಿ ಮಾತಾಡಲಿಲ್ಲ. ಕಟಾಂಜನದ ಕೆಳಗಂಚಿನಲ್ಲಿ ಬೆರಳಾಡಿಸಿ, ಆ ಬೆರಳನ್ನು ನನ್ನ ಕಣ್ಣ ಮುಂದೆ ಹಿಡಿದಳು. ಆಮೇಲೆ, ನಿನ್ನ ತಾಯಿ ಮತ್ತೆ ಯಾವಾಗ ಬರುತ್ತಾಳೆ ಎಂದು ಕೇಳಿದಳು. ತಾವು ಅನ್ನಲಿಲ್ಲ.

ರಾತ್ರಿ ಸಂಶಿಗೆ ಫೋನು ಹಚ್ಚಿ ಈ ಅವಮಾನವನ್ನು ತೋಡಿಕೊಂಡೆ. ಅವ್ವ ನನ್ನ ಕಡೆ ಮಾತಾಡುತ್ತಾಳೆ ಅಂದುಕೊಂಡಿದ್ದೆ.

"ಮೂಲ್ಯಾಗಿಂದೂ ಹಂಗ ಬಿಟ್ಟಿರ್ತಿ ನೀ. ಸಣ್ಣಾವಿದ್ದಾಗಿಂದ ಕಂಡೇನಿ," ಅಂದಳು. "ಫೋನ್ ಇಡು, ಇನ್ನೊಮ್ಮೆ ಗುಡಿಸಿ ಬಾ. ಹತ್ತು ಹೊಡಿಯೂದರೊಳಗ."