ಆಕ್ಟಿವಿಟಿ ರಾಯರು

ಶಿಕಾಗೋ ನಗರದ ಪಶ್ಚಿಮದ ಬಡಾವಣೆಗಳಲ್ಲಿ ಎಲ್ಲಿ ಕಲ್ಲೆಸೆದರೂ ಒಬ್ಬ ಆಕ್ಟಿವಿಟಿ ರಾಯರ ಕಾರಿಗೆ ತಗಲುತ್ತದೆ. ಆದರೆ ಅವರ ಮನೆ ಮುಂದೆ ಎಸೆದು ಪ್ರಯೋಜನವಿಲ್ಲ. ಹೈಸ್ಕೂಲಿನ ಪಾರ್ಕಿಂಗಿನಲ್ಲಿ ಎಸೆಯಬೇಕು.

ಬೆಂಗಳೂರಿನಲ್ಲಿ ಬೋರ್ಡಿನ ಮೇಲೆ 'ಪಬ್ಲಿಕ್ ಸ್ಕೂಲ್' ಎಂದಿದ್ದರೆ ಪಬ್ಲಿಕ್ಕು ಗೇಟಿನಾಚೆ ಎಂದರ್ಥ. ಅಮೆರಿಕದಲ್ಲಿ ಹಾಗಲ್ಲ. ಅದು ನಿಜವಾದ ಸರ್ಕಾರಿ ಶಾಲೆ, ಬೋಧನಾ ಶುಲ್ಕವಿಲ್ಲ. ಮನೆ ಮಾತ್ರ ಆ ಶಾಲೆಯ ಎಲ್ಲೆಯೊಳಗೇ ಇರಬೇಕು. ಮನೆ ತೆರಿಗೆಯ ಸಿಂಹಪಾಲು ಶಾಲೆಗಳಿಗೇ ಹೋಗುತ್ತದೆ. ಹೀಗಾಗಿ ಒಳ್ಳೆಯ ಶಾಲೆಯಿದ್ದಲ್ಲಿ ಮನೆ ದುಬಾರಿ. ರಾಯರು ಉತ್ತರದ ಬಾಗಿಲಿನ ಚಂದದ ಮನೆ ಬಿಟ್ಟು ಎದುರಿನ ದಕ್ಷಿಣದ ಬಾಗಿಲಿನದನ್ನು ಹೆಚ್ಚು ಕೊಟ್ಟು ಕೊಂಡರು. ರಸ್ತೆಯ ಆಚೆ ಬದಿ ಬೇರೆ ಹೈಸ್ಕೂಲಿಗೆ ಸೇರಿತ್ತು. ವಾಸ್ತು ಏನಾಯಿತು ಎಂದು ಕೇಳಿದರೆ, "ವಾಸ್ತುಪುರುಷ ಎಸ್‌ಎಟಿ ಬರೆಯಲ್ಲ ಕಣ್ರೀ" ಎಂದರು.

ರಾಯರು ಓದಿದ್ದು ಹಾಸನ ಜಿಲ್ಲೆಯ ಹೈಸ್ಕೂಲಿನಲ್ಲಿ. ಅಲ್ಲಿ ಆಕ್ಟಿವಿಟಿ ಎಂದರೆ ಆಗಸ್ಟ್ 15ರ ಕವಾಯತು, ವಾರಕ್ಕೊಮ್ಮೆ ಅಂಗಳ ಗುಡಿಸುವುದು, ಹೆಡ್ಮಾಸ್ಟರ ಮನೆ ತೊಟ್ಟಿಗೆ ನೀರು ತುಂಬುವುದು. ಅವರಪ್ಪ ಆ ಶಾಲೆಗೆ ಬಂದದ್ದು ಒಂದೇ ಸಲ, ಸೇರಿಸೋದಕ್ಕೆ. ಆಮೇಲೆ ಮಗ ಒಂಬತ್ತನೆಯದೋ ಹತ್ತನೆಯದೋ ಎನ್ನುವುದು ಕೊನೆಯವರೆಗೂ ಅವರಿಗೆ ಖಾತ್ರಿಯಿರಲಿಲ್ಲ. ಮಗನಾದರೋ ಮಗಳ ಹೈಸ್ಕೂಲಿಗೆ ಹೋಗದ ವಾರವಿಲ್ಲ.

ಪಾಠದ ವಿಷಯ ಬಂದರೆ ರಾಯರ ಕಣ್ಣು ಹೊಳೆಯುತ್ತದೆ. ಅಮೆರಿಕದ ಹೈಸ್ಕೂಲು 9ನೇ ತರಗತಿಯಿಂದ 12ರವರೆಗೆ, ನಾಲ್ಕು ವರ್ಷ. ಜಾಣ ಮಕ್ಕಳು ಕಾಲೇಜು ಮಟ್ಟದ ಎಪಿ ಪಾಠಗಳನ್ನು ಅಲ್ಲೇ ಓದಿ, ಮೇ ತಿಂಗಳಲ್ಲಿ ಪರೀಕ್ಷೆ ಬರೆಯುತ್ತಾರೆ. 1ರಿಂದ 5ರವರೆಗೆ ಅಂಕ. "ಆಂಧ್ರದವರ ಪರೀಕ್ಷೆ ನಮ್ಮ ಹುಡುಗಿಗ್ಯಾಕೋ?" ಎಂದು ಊರಿನಿಂದ ಬಂದ ತಾಯಿ ಕೇಳಿದ್ದರಂತೆ. ಕಷ್ಟದ ಪಾಠ ತೆಗೆದುಕೊಂಡವರಿಗೆ ಆ ಶಾಲೆಯಲ್ಲಿ ತೂಕ ಹೆಚ್ಚು ಕೊಟ್ಟು ಲೆಕ್ಕ ಹಾಕುವುದರಿಂದ ಮಗಳ ಸರಾಸರಿ 4ಕ್ಕೆ 4.6. ನೂರಕ್ಕೆ ನೂರ ಹದಿನೈದು ಬಂದ ಹಾಗೆ. ಹಾಸನದ ಗಣಿತದ ಮೇಷ್ಟ್ರು ಇದನ್ನು ಕೇಳಿದ್ದರೆ ಲೆಕ್ಕ ಹೇಳಿದವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಆದರೆ ಬರೀ ಅಂಕಕ್ಕೆ ಅಲ್ಲಿನ ಕಾಲೇಜುಗಳು ಮರುಳಾಗುವುದಿಲ್ಲ. ಕಾಮನ್ ಆ್ಯಪ್ ಎಂಬ ಅರ್ಜಿಯಲ್ಲಿ ಆಕ್ಟಿವಿಟಿಗಳಿಗೆಂದೇ 10 ಖಾನೆಗಳಿವೆ. ಖಾಲಿ ಖಾನೆ ಕಂಡರೆ ರಾಯರಿಗೆ ಖಾಲಿ ಸೈಟು ಕಂಡಷ್ಟೇ ಸಂಕಟ. ಸೈನ್ಸ್ ಒಲಿಂಪಿಯಾಡ್ ಬಂತು, ಡಿಬೇಟ್ ಬಂತು, ರೋಬೋಟ್ ಕಟ್ಟುವುದು ಬಂತು, ಭರತನಾಟ್ಯ ಮೊದಲೇ ಇತ್ತು. ಸಮಾಜಸೇವೆಯ ಖಾನೆಗೆ ಕನ್ನಡ ಕೂಟದ ರಾಜ್ಯೋತ್ಸವ ಒದಗಿತು: ಕುರ್ಚಿ ಜೋಡಿಸಿದ್ದಕ್ಕೆ 4 ಗಂಟೆ, ಸಹಿ ಸಮೇತ. ನಮ್ಮ ಕಾಲದಲ್ಲಿ ಉತ್ಸವದ ಕುರ್ಚಿ ಎತ್ತಿಟ್ಟರೆ ಒಂದು ಪ್ಲೇಟ್ ಉಪ್ಪಿಟ್ಟು ಸಿಗುತ್ತಿತ್ತು.

ಎಲ್ಲಕ್ಕೂ ಕಿರೀಟ ಮಾರ್ಚಿಂಗ್ ಬ್ಯಾಂಡು. ಮಗಳು ಆರಿಸಿಕೊಂಡದ್ದು ಕ್ಲಾರಿಯೊನೆಟ್ಟು. "ಇಷ್ಟು ಓದಿಸಿ ಮದುವೆ ಮೆರವಣಿಗೆಗೆ ಊದೋಕೆ ಕಳಿಸ್ತೀಯೇನೋ?" ಎಂದು ಅಜ್ಜಿ ಕಣ್ಣೀರು ಹಾಕಿದರು. ಬೇಸಿಗೆ ರಜೆಯಲ್ಲೇ ಬ್ಯಾಂಡಿನ ತಾಲೀಮು ಶುರುವಾಯಿತು. ಮಗಳು ಕಾರಿನಿಂದ ಇಳಿದು, "ಅಪ್ಪಾ, ಪ್ಲೀಸ್, ನೀನು ಇಳೀಬೇಡ" ಎಂದಳು. ರಾಯರು ಇಳಿದರು.

ಇಳಿದವರು ಮತ್ತೆ ಹತ್ತಲಿಲ್ಲ ಎನ್ನಬೇಕು. ಶುಕ್ರವಾರ ರಾತ್ರಿಯ ಫುಟ್‌ಬಾಲ್ ಪಂದ್ಯದ ಮಧ್ಯಂತರದಲ್ಲಿ ಬ್ಯಾಂಡು ಮೈದಾನಕ್ಕಿಳಿಯುತ್ತದೆ. ಹೊತ್ತು ನಡೆಯಲಾಗದ ಮರಿಂಬಾ, ಕ್ಸೈಲೋಫೋನುಗಳನ್ನು ಚಕ್ರದ ಮೇಲೆ ತಳ್ಳಿಕೊಂಡು ಓಡುವುದು ಅಪ್ಪಂದಿರ ಪಡೆ. ಅವರಿಗೆ ಒಂದೇ ಬಣ್ಣದ ಟೀ ಶರ್ಟು. ರಾಯರ ಜೀವಮಾನದ ಮೊದಲ ಟೀಮ್ ಅದು. ಹಾಸನದಲ್ಲಿ ಕಬಡ್ಡಿಗೆ ಆಳು ಕಡಿಮೆ ಬಿದ್ದಾಗಲೂ ಯಾರೂ ಅವರನ್ನು ಕರೆದಿರಲಿಲ್ಲ. ಆಟ ಯಾವ ಕಡೆಗೆ ನಡೆಯುತ್ತಿದೆ ಎನ್ನುವುದು ಇವತ್ತಿಗೂ ಅವರಿಗೆ ತಿಳಿಯದು. ಪಕ್ಕದವನು ಎದ್ದಾಗ ಏಳುತ್ತಾರೆ. ಆಟದ ನಡುವೆ ಒಂದಷ್ಟು ಹೊತ್ತು ತಿಂಡಿ ಅಂಗಡಿಯ ಸರದಿ. ಇಕ್ಕಳದಲ್ಲಿ ಹಾಟ್‌ಡಾಗ್ ಹಿಡಿದು, ಮುಖ ಆಚೆ ತಿರುಗಿಸಿ ಕೊಡುತ್ತಾರೆ. ಮನೆಗೆ ಬಂದು ತಲೆಗೆ ನೀರು ಹಾಕಿಕೊಳ್ಳುತ್ತಾರೆ. "ದುಡ್ಡು ಬ್ಯಾಂಡಿಗೇ ಹೋಗುತ್ತೆ ಕಣ್ರೀ, ದೋಷ ಇಲ್ಲ."

ಇಲಿನಾಯ್ ರಾಜ್ಯದಲ್ಲಿ 16 ತುಂಬಿದವರು ಡ್ರೈವಿಂಗ್ ಲೈಸೆನ್ಸ್ ಪಡೆಯಬಹುದು. ಮಗಳಿಗೆ ಸಿಕ್ಕ ದಿನ ರಾಯರು ಸಿಹಿ ಹಂಚಿದರು, ಆದರೆ ಮುಖ ನಿವೃತ್ತಿಯ ದಿನದ ಗುಮಾಸ್ತರಂತಿತ್ತು. ಮರುದಿನ ಅವಳು ಕಾರಿನಲ್ಲಿ ಶಾಲೆಗೆ ಹೋದಳು. ಹಿಂದೆ ಇನ್ನೊಂದು ಕಾರಿನಲ್ಲಿ ಇವರೂ ಹೋದರು.

ಕೊನೆಗೂ ಮೇ ಬಂತು. ಮಗಳು ಕಪ್ಪು ನಿಲುವಂಗಿ ತೊಟ್ಟು ವೇದಿಕೆ ದಾಟಿದಳು, ಆಗಸ್ಟಿನಲ್ಲಿ ಕಾಲೇಜಿನ ಹಾಸ್ಟೆಲಿಗೆ ಹೊರಟಳು. ಇನ್ನು ಶುಕ್ರವಾರ ರಾತ್ರಿ ಹುಳಿ ಅನ್ನ ಉಂಡು ಗಂಡ ಮನೆಯಲ್ಲಿರುತ್ತಾನೆ ಎಂದು ಹೆಂಡತಿ ಅಂದುಕೊಂಡರು. ಸೆಪ್ಟೆಂಬರಿನ ಮೊದಲ ಶುಕ್ರವಾರ ಬೀರುವಿನಲ್ಲಿ ಟೀ ಶರ್ಟು ಇರಲಿಲ್ಲ.

ಮೈದಾನದ ಅಂಚಿನಲ್ಲಿ ಹೊಸದಾಗಿ ಬಂದ ತಾಯಿಯೊಬ್ಬರು ಕೇಳಿದರು: "ಇವರಲ್ಲಿ ನಿಮ್ಮ ಮಗು ಯಾರು?"

"ನನ್ನ ಮಗಳು ಮೇ ತಿಂಗಳಲ್ಲೇ ಪಾಸ್ ಔಟ್ ಆದಳು" ಎಂದರು ರಾಯರು ಹೆಮ್ಮೆಯಿಂದ.

ಅಮೆರಿಕದಲ್ಲಿ ಪಾಸ್ ಔಟ್ ಎಂದರೆ ಮೂರ್ಛೆ ಹೋಗುವುದು. ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ, ಈಗ ಹೇಗಿದ್ದಾಳೆ?" ಎಂದರು.

"ಪರವಾಗಿಲ್ಲ. ಅಲ್ಲಿಯ ಊಟ ಮಾತ್ರ ಹಿಡಿಸ್ತಿಲ್ಲವಂತೆ" ಎನ್ನುತ್ತಾ ರಾಯರು ಮರಿಂಬಾ ತಳ್ಳಿಕೊಂಡು ಮೈದಾನಕ್ಕೆ ಓಡಿದರು.