ಕ್ಲಿಕ್ಕು ಕಸುಬಾದರೆ

ಹಕ್ಕಿಯ ಫೋಟೋಕ್ಕೆ ನಾಲ್ಕು ಮಂದಿ ‘ಸೂಪರ್’ ಎಂದರೆ ಸಾಕು, ಹವ್ಯಾಸಿಯ ತಲೆಯೊಳಗೆ ಸ್ಟುಡಿಯೋ ಬೋರ್ಡು ತೂಗತೊಡಗುತ್ತದೆ. ಆದರೆ ಹೊಗಳಿದ ನಾಲ್ವರಲ್ಲಿ ಒಬ್ಬರೂ ದುಡ್ಡು ಬಿಚ್ಚಿರುವುದಿಲ್ಲ. ಹಕ್ಕಿಯಂತೂ ಅಡ್ವಾನ್ಸ್ ಕೊಡುವ ಗಿರಾಕಿಯೇ ಅಲ್ಲ. ದುಡ್ಡಿರುವುದು ಮದುವೆ ಛತ್ರದಲ್ಲಿ. ಅಲ್ಲಿ ಬೆಳಕು ಸೂರ್ಯನದಲ್ಲ, ಛತ್ರದ ಮ್ಯಾನೇಜರನದು. ಧಾರೆಗೆ ರೀಟೇಕ್ ಇಲ್ಲ. ಆಲ್ಬಮ್ಮಿನಲ್ಲಿ ಸೋದರತ್ತೆ ಬಿಟ್ಟುಹೋದರೆ ಬಾಕಿ ಹಣವೂ ಇಲ್ಲ. ಹವ್ಯಾಸಿ ತನಗೆ ಬೇಕಾದ್ದನ್ನು ತೆಗೆಯುತ್ತಾನೆ, ಕಸುಬಿನವನು ಕಂಡವರಿಗೆ ಬೇಕಾದ್ದನ್ನು. ಕಾನೂನೂ ಇದಕ್ಕೆ ತಲೆಯಾಡಿಸುತ್ತದೆ: 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರ ತೆಗೆಸಿದವನೇ. ಪುಕ್ಕಟೆ ತೆಗೆದದ್ದು ನಿಮ್ಮದು, ಬೆವರು ಸುರಿಸಿ ತೆಗೆದದ್ದು ಬೀಗರದು!

‘ಮೈಸೂರಿನ ಟಿ.ಎಸ್. ಸತ್ಯನ್ ಕ್ಯಾಮೆರಾ ನಂಬಿಯೇ ಬದುಕಿ 1977ರಲ್ಲಿ ಪದ್ಮಶ್ರೀ ಪಡೆಯಲಿಲ್ಲವೇ?’ ಎಂದು ಕೇಳಬಹುದು. ಪಡೆದರು, ನಿಜ. ಆದರೆ ಪತ್ರಿಕೆಗೆ ಏನು ಬೇಕೆಂದು ಬಲ್ಲವರು ಅವರು. ಜನಸಾಮಾನ್ಯರ ಬದುಕನ್ನೇ ಸುದ್ದಿಯಾಗಿಸಿದರು. ಅತ್ತ ಮೂಡಿಗೆರೆಯ ಸಾಹಿತಿ ಪೂರ್ಣಚಂದ್ರ ತೇಜಸ್ವಿ ಕ್ಯಾಮೆರಾ ಹಿಡಿದು ಹಕ್ಕಿಗಳ ಬೆನ್ನು ಹತ್ತಿದರೂ ಕಾಫಿ ತೋಟದ ಕೈ ಬಿಡಲಿಲ್ಲ. ಇಬ್ಬರೂ ಜಾಣರೇ. ‘ಇಷ್ಟದ ಕೆಲಸ ದುಡಿಮೆ ಅನಿಸುವುದೇ ಇಲ್ಲ’ ಎನ್ನುವವರು, ನಡುರಾತ್ರಿ ಸಾವಿರ ಫೋಟೋಗಳಲ್ಲಿ ಕಣ್ಣು ಮುಚ್ಚಿದ ಮದುಮಗನನ್ನು ಹುಡುಕಿ ತೆಗೆದುಹಾಕಿದವರಲ್ಲ. ಆದ್ದರಿಂದ ರಾಜೀನಾಮೆಗೆ ಮುನ್ನ ಲೆನ್ಸಿನ ಬದಲು ನಾಲಿಗೆಯನ್ನು ಪರೀಕ್ಷಿಸಿ: ನೆಂಟರ ಬಳಿ ನಾಚದೆ ಬಾಕಿ ಕೇಳಿ ವಸೂಲಿ ಮಾಡಬಲ್ಲಿರಾದರೆ ಧಾರಾಳವಾಗಿ ಅಂಗಡಿ ತೆರೆಯಿರಿ, ಫೋಟೋ ತೆಗೆಯುವುದನ್ನು ಆಮೇಲೆ ಕಲಿತರೂ ನಡೆಯುತ್ತದೆ.